ಕತ್ತಿ ಮುರಿಯದೆ ಅದರ ಕಥೆ ಕೇಳೋದು

ಸೋಂಪುರ ಅಂದರೆ ಇವತ್ತು ಕೈಗಾರಿಕಾ ಪ್ರದೇಶ, ಶೆಡ್ಡು, ಲಾರಿ. ಆದರೆ ಈ ಸೀಮೆಗೆ ಲೋಹದ ಕೆಲಸ ಹೊಸದಲ್ಲ. ಶಿವಗಂಗೆ ಬೆಟ್ಟದಿಂದ ತೆಂಕಲಿಗೆ ಮಾಗಡಿ, ಬಡಗಲಿಗೆ ಮಧುಗಿರಿ. 1800ರಲ್ಲಿ ಇಲ್ಲೆಲ್ಲ ತಿರುಗಿದ ಫ್ರಾನ್ಸಿಸ್ ಬುಕಾನನ್, ಎರಡೂ ಕಡೆ ಉಕ್ಕು ಮಾಡ್ತಿದ್ದದ್ದನ್ನು ಬರೆದಿಟ್ಟಿದ್ದಾನೆ. ಚನ್ನರಾಯನದುರ್ಗದಲ್ಲಿ ಮಣ್ಣಿನ ಮೂಸೆಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲ ಸೇರಿ ಕಬ್ಬಿಣ ಉಕ್ಕಾಗುತ್ತಿತ್ತು. ಇಂಗ್ಲಿಷಿನವರ ‘ವೂಟ್ಸ್’ ಪದ ನಮ್ಮ ‘ಉಕ್ಕು’ವಿನಿಂದಲೇ ಹುಟ್ಟಿದ್ದು ಅಂತ ಬಹಳ ಜನ ಹೇಳುತ್ತಾರೆ.

ಇಂಥ ಉಕ್ಕಿನ ಗುಟ್ಟು ತಿಳಿಯೋಕೆ ಯುರೋಪಿನವರು ಮೊದಲು ಹಿಡಿದ ದಾರಿ ಒಂದೇ: ಕತ್ತರಿಸೋದು, ಕರಗಿಸೋದು. 1795ರಲ್ಲಿ ಜಾರ್ಜ್ ಪಿಯರ್ಸನ್, 1819ರಲ್ಲಿ ಮೈಕೆಲ್ ಫ್ಯಾರಡೆ ವೂಟ್ಸ್ ಗಟ್ಟಿಗಳನ್ನು ಪರೀಕ್ಷಿಸಿದರು. 1924ರಲ್ಲಿ ಸ್ವಿಟ್ಜರ್ಲೆಂಡಿನ ಝೋಕೆ ಹಳೇ ಕತ್ತಿಗಳನ್ನೇ ಕತ್ತರಿಸಿ ನೋಡಿದ. ಅದರಿಂದ ಲಾಭ ಆಗಲಿಲ್ಲ ಅನ್ನೋ ಹಾಗಿಲ್ಲ. 2006ರಲ್ಲಿ ಜರ್ಮನಿಯ ಡ್ರೆಸ್ಡನ್ ವಿಜ್ಞಾನಿಗಳು ಇಂಥದೇ ಒಂದು ತುಣುಕಿನಲ್ಲಿ ಇಂಗಾಲದ ನ್ಯಾನೋ ಕೊಳವೆಗಳನ್ನು ಕಂಡರು. ಆದರೆ ಒಂದು ಕತ್ತಿಯನ್ನು ಎಷ್ಟು ಸಲ ಅಂತ ಕತ್ತರಿಸೋದು?

ಈಗ ಕೈಯಲ್ಲಿ ಹಿಡಿಯೋ ಎಕ್ಸ್‌ಆರ್‌ಎಫ್ ಯಂತ್ರ ಬಂದಿದೆ. ಕ್ಷಣದಲ್ಲಿ ತಾಮ್ರ, ತವರ, ಮ್ಯಾಂಗನೀಸ್ ಎಲ್ಲ ಹೇಳುತ್ತೆ. ಆದರೆ ಅದು ನೋಡೋದು ಮೇಲ್ಮೈಯನ್ನು ಮಾತ್ರ. ತುಕ್ಕಿದ್ದರೆ ತುಕ್ಕಿನ ಲೆಕ್ಕವೇ ಸಿಗೋದು. ಮುಖ್ಯವಾಗಿ, ಇಂಗಾಲ ಅದರ ಕಣ್ಣಿಗೆ ಬೀಳಲ್ಲ. ಕಬ್ಬಿಣಕ್ಕೂ ಉಕ್ಕಿಗೂ ಇರೋ ವ್ಯತ್ಯಾಸವೇ ಇಂಗಾಲ ಅಲ್ಲವೇ!

ಆ ಕೊರತೆ ತುಂಬೋದು ನ್ಯೂಟ್ರಾನ್. ಅದು ಕಬ್ಬಿಣದಲ್ಲಿ ಸೆಂಟಿಮೀಟರುಗಟ್ಟಲೆ ಒಳಗೆ ಹೋಗಿ, ಕಬ್ಬಿಣದ ಹರಳು ಎಷ್ಟು, ಕಬ್ಬಿಣ-ಇಂಗಾಲ ಸೇರಿದ ಸಿಮೆಂಟೈಟ್ ಎಷ್ಟು ಅಂತ ತಿಳಿಸುತ್ತೆ. ಅದರಿಂದ ಇಂಗಾಲದ ಲೆಕ್ಕ ಸಿಗುತ್ತೆ. ಇಂಗ್ಲೆಂಡಿನ ಐಸಿಸ್ ಕೇಂದ್ರದಲ್ಲಿ ಜಪಾನಿನ ಕತ್ತಿಗಳನ್ನು ಹೀಗೇ ಒಂದು ಗೀರೂ ಬೀಳದ ಹಾಗೆ ಓದಿದ್ದಾರೆ. ನಮ್ಮ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲೂ ನ್ಯೂಟ್ರಾನ್ ಕಿರಣದ ಸೌಲಭ್ಯ ಇದೆ.

ಆದರೆ ಯಾವ ಯಂತ್ರವೂ ಅಳಿಸಿಹೋದದ್ದನ್ನು ಓದಲಾರದು. ಹಳ್ಳಿಗಳ ಗುಡಿಯಲ್ಲಿ, ಹಳೇ ಮನೆಗಳ ಅಟ್ಟದಲ್ಲಿ ಕತ್ತಿಗಳು ಇನ್ನೂ ಇವೆ. ಆಯುಧಪೂಜೆ ಬಂತು ಅಂದರೆ ಹುಣಸೆಹಣ್ಣು ಹಾಕಿ ಉಜ್ಜುತ್ತೀವಿ, ಗ್ರೈಂಡರಿಗೆ ಕೊಡುತ್ತೀವಿ, ಬಾಗಿದ್ದರೆ ಕುಲುಮೆಗೂ ಕಳಿಸುತ್ತೀವಿ. ಉಜ್ಜಿದರೆ ಮೇಲ್ಮೈ ಹೋಗುತ್ತೆ, ಕೆಂಪಗೆ ಕಾಯಿಸಿದರೆ ಒಳಗಿನ ರಚನೆಯೇ ಬದಲಾಗುತ್ತೆ. ಉಕ್ಕು ಮಾಡಿದವರು ತಮ್ಮ ಹೆಸರನ್ನು ಎಲ್ಲೂ ಬರೆದಿಡಲಿಲ್ಲ. ಅವರ ಕೈಬರಹ ಅಂತ ಉಳಿದಿರೋದು ಅದೊಂದೇ. ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡೋಣ, ಉಜ್ಜೋದು ಬೇಡ.