ಗಡಿ ದಾಟುವ ಮಾರಿ: ಆರೋಗ್ಯನೀತಿ ಮತ್ತು ಅಧಿಕಾರದಿಂದ ಇಳಿದವರ ಮಾತು

ಅಧಿಕಾರಕ್ಕೆ ಅವಧಿಯಿದೆ, ರೋಗಕ್ಕೆ ಇಲ್ಲ. ಒಬ್ಬ ಮುಖ್ಯಮಂತ್ರಿಯ ಕಾಲದಲ್ಲಿ ಹಾಸಿಗೆ ಹಿಡಿದ ರೋಗಿ ಇನ್ನೊಬ್ಬರ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಾನೆ, ಮತ್ತೊಬ್ಬರ ಕಾಲದಲ್ಲಿ ಮಾಸಾಶನಕ್ಕೆ ಅರ್ಜಿ ಹಾಕುತ್ತಾನೆ. ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಪೆರಾಬೆಯಂತಹ ಗ್ರಾಮದಿಂದ ನೋಡಿದಾಗ ಆರೋಗ್ಯನೀತಿ ಎಂಬುದು ಯಾವುದೇ ಒಂದು ಸರ್ಕಾರದ ಸಾಧನೆಯಾಗಿ ಕಾಣುವುದಿಲ್ಲ. ಕಡಬದ ಸಮುದಾಯ ಆರೋಗ್ಯ ಕೇಂದ್ರ, ಪುತ್ತೂರಿನ ತಾಲೂಕು ಆಸ್ಪತ್ರೆ, ಮಂಗಳೂರಿನ ವೆನ್ಲಾಕ್ ಎಂಬ ಮೆಟ್ಟಿಲುಗಳನ್ನು ಹತ್ತುವ ಕುಟುಂಬಕ್ಕೆ ಅದು ಹಲವು ಸರ್ಕಾರಗಳು ಕಟ್ಟಿದ, ಕೆಡವಿದ, ಹೆಸರು ಬದಲಿಸಿದ ಒಂದೇ ದಾರಿ. ಆದ್ದರಿಂದ ಅಧಿಕಾರದಿಂದ ಇಳಿದ ನಾಯಕರು ತಮ್ಮ ನಂತರ ಬಂದವರ ಆರೋಗ್ಯನೀತಿಯನ್ನು ಬಹಿರಂಗವಾಗಿ ವಿಮರ್ಶಿಸಬೇಕೆ, ಮೌನವಾಗಿರಬೇಕೆ ಎಂಬ ಪ್ರಶ್ನೆಯನ್ನು ರಾಜಕೀಯ ಶಿಷ್ಟಾಚಾರದ ನೆಲೆಯಲ್ಲಿ ಮಾತ್ರ ಚರ್ಚಿಸಿದರೆ ಸಾಲದು. ಆ ದಾರಿಯನ್ನು ತುಳಿಯುವವರ ನೆಲೆಯಿಂದಲೂ ಅದನ್ನು ನೋಡಬೇಕಾಗಿದೆ.

ಮೌನದ ಪರವಾದ ವಾದಕ್ಕೆ ಅಮೆರಿಕದ ಅಧ್ಯಕ್ಷೀಯ ಪರಂಪರೆಯಲ್ಲಿ ಗಟ್ಟಿಯಾದ ನೆಲೆಯಿದೆ. 2009ರಲ್ಲಿ ಅಧಿಕಾರ ಬಿಟ್ಟ ಜಾರ್ಜ್ ಡಬ್ಲ್ಯು. ಬುಷ್ ಅವರು ತಮ್ಮ ಉತ್ತರಾಧಿಕಾರಿ ತಮ್ಮ ಮೌನಕ್ಕೆ ಅರ್ಹರು ಎಂಬ ಅರ್ಥದ ಮಾತನ್ನಾಡಿದ್ದರು. ಹೊಸಬರಿಗೆ ಕೆಲಸ ಮಾಡಲು ಅವಕಾಶವಿರಬೇಕು, ಹಳಬರ ಮಾತು ಜನರಲ್ಲಿ ಗೊಂದಲವನ್ನುಂಟುಮಾಡಬಾರದು ಎಂಬುದು ಈ ನಿಲುವಿನ ತಿರುಳು. ಆದರೆ ಅದೇ ದೇಶದಲ್ಲಿ ಬರಾಕ್ ಒಬಾಮ ಅವರು, 2010ರಲ್ಲಿ ತಾವು ಸಹಿ ಹಾಕಿದ ಆರೋಗ್ಯ ಕಾಯಿದೆಯನ್ನು ರದ್ದುಗೊಳಿಸುವ ಮಸೂದೆ ಸೆನೆಟ್‌ಗೆ ಬಂದಾಗ, 2017ರ ಜೂನ್ ತಿಂಗಳಲ್ಲಿ ಬಹಿರಂಗ ಬರಹದ ಮೂಲಕ ಅದನ್ನು ವಿರೋಧಿಸಿದರು. ಇತರ ವಿಷಯಗಳಲ್ಲಿ ಸಂಯಮವನ್ನು ಪಾಲಿಸಲು ಯತ್ನಿಸಿದವರೂ ಆರೋಗ್ಯದ ವಿಷಯದಲ್ಲಿ ಅದನ್ನು ಮುರಿಯಬೇಕಾಯಿತು. ಇಲ್ಲಿನ ತಪ್ಪು ನಿರ್ಧಾರ ಮುಂದಿನ ಚುನಾವಣೆಯವರೆಗೆ ಕಾಯುವಂಥದಲ್ಲ ಎಂಬುದೇ ಇದಕ್ಕೆ ಕಾರಣವೆನ್ನಬಹುದು.

ಭಾರತದ ಸಂದರ್ಭ ಇದಕ್ಕಿಂತ ಭಿನ್ನವಾದುದು. ಇಲ್ಲಿ ಅಧಿಕಾರ ಕಳೆದುಕೊಂಡ ಮುಖ್ಯಮಂತ್ರಿ ಮನೆಗೆ ಹೋಗುವುದಿಲ್ಲ. ಸದನದಲ್ಲಿ ಎದುರು ಸಾಲಿಗೆ ಹೋಗುತ್ತಾರೆ. 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರು 2020ರಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. ಬಿ.ಎಸ್. ಯಡಿಯೂರಪ್ಪ ಅವರ ಸರ್ಕಾರ ಕೋವಿಡ್ ನಿರ್ವಹಣೆಗಾಗಿ ಖರೀದಿಸಿದ ವೈದ್ಯಕೀಯ ಸಲಕರಣೆಗಳಲ್ಲಿ ಸುಮಾರು 2,000 ಕೋಟಿ ರೂಪಾಯಿಗಳ ಅಕ್ರಮ ನಡೆದಿದೆ ಎಂದು ಅವರು ಆ ವರ್ಷದ ಜುಲೈ ತಿಂಗಳಲ್ಲಿ ಆರೋಪಿಸಿದರು. ಅವರ ಪಕ್ಷ ‘ಲೆಕ್ಕ ಕೊಡಿ’ ಎಂಬ ಹೆಸರಿನಲ್ಲಿ ಪ್ರಚಾರ ನಡೆಸಿತು. ಸಚಿವರು ಆರೋಪವನ್ನು ನಿರಾಕರಿಸಿ ತಮ್ಮ ಅಂಕಿಅಂಶಗಳನ್ನು ಮುಂದಿಟ್ಟರು. ಸೋಂಕಿನ ನಡುವೆ ಇಂತಹ ಆರೋಪ ವೈದ್ಯರ, ದಾದಿಯರ ಧೈರ್ಯವನ್ನು ಕುಂದಿಸುತ್ತದೆ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಖರ್ಚಾದ ಹಣದ ಲೆಕ್ಕವನ್ನು ಸೋಂಕು ಮುಗಿದ ಮೇಲೆ ಕೇಳಿದರೆ ಅದು ಇತಿಹಾಸವಾಗುತ್ತದೆಯೇ ಹೊರತು ಚಿಕಿತ್ಸೆಯಾಗುವುದಿಲ್ಲ ಎಂಬ ಸಮಾಧಾನವೂ ಅಷ್ಟೇ ಬಲವಾದುದು. ಆ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ಯಡಿಯೂರಪ್ಪ ಹಾಗೂ ಸಿದ್ದರಾಮಯ್ಯ ಇಬ್ಬರೂ ಕೋವಿಡ್ ತಗಲಿ ಬೆಂಗಳೂರಿನ ಒಂದೇ ಆಸ್ಪತ್ರೆಯಲ್ಲಿ ದಾಖಲಾದರು. ಲೆಕ್ಕ ಕೇಳಿದವರನ್ನೂ ಲೆಕ್ಕ ಕೊಡಬೇಕಾದವರನ್ನೂ ರೋಗ ಬೇರೆಬೇರೆಯಾಗಿ ಕಾಣಲಿಲ್ಲ.

ಮರುವರ್ಷ ಎರಡನೆಯ ಅಲೆಯ ಸಂದರ್ಭದಲ್ಲಿ ವಿಮರ್ಶೆಯ ಇನ್ನೊಂದು ರೂಪ ಕಾಣಿಸಿತು. ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ಅವರು 2021ರ ಏಪ್ರಿಲ್ 18ರಂದು ಪ್ರಧಾನಿ ನರೇಂದ್ರ ಮೋದಿ ಅವರಿಗೆ ಲಸಿಕೆಯ ಬಗ್ಗೆ ಐದು ಸಲಹೆಗಳುಳ್ಳ ಪತ್ರ ಬರೆದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವರು ಕಟುವಾದ ಉತ್ತರ ನೀಡಿದರು. ಅದೇ ತಿಂಗಳ ಕೊನೆಯ ವಾರ ಕರ್ನಾಟಕದ ಮತ್ತೊಬ್ಬ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡ ಅವರೂ ಪ್ರಧಾನಿಗೆ ಪತ್ರ ಬರೆದು ಅದನ್ನು ಪ್ರಕಟಪಡಿಸಿದರು. ದೊಡ್ಡ ಸಭೆಗಳನ್ನು ನಿಷೇಧಿಸುವುದು, ಚುನಾವಣೆಗಳನ್ನು ಮುಂದೂಡುವುದು, ನಿರ್ವಹಣೆಯನ್ನು ಜಿಲ್ಲಾಮಟ್ಟಕ್ಕೆ ಇಳಿಸುವುದು ಮುಂತಾದ ಸಲಹೆಗಳು ಅದರಲ್ಲಿದ್ದವು. ಅವರೂ ಆಗಷ್ಟೇ ಸೋಂಕಿನಿಂದ ಚೇತರಿಸಿಕೊಂಡವರು. ಆರೋಪದ ದನಿಯಿಲ್ಲದಿದ್ದರೂ ಆ ಪತ್ರಗಳು ನಡೆಯುತ್ತಿದ್ದ ನೀತಿಯ ವಿಮರ್ಶೆಗಳೇ. ಸಲಹೆ ಕೊಟ್ಟವರು ಆ ಪೀಠದಲ್ಲಿ ಕುಳಿತಿದ್ದವರು. ಆದ್ದರಿಂದ ಪೀಠದಲ್ಲಿರುವವರು ‘ನಿಮಗೆ ಇದರ ಕಷ್ಟ ತಿಳಿಯದು’ ಎಂದು ಹೇಳುವಂತಿರಲಿಲ್ಲ. ಮಾಜಿ ನಾಯಕರ ವಿಮರ್ಶೆಗೆ ಬೇರೆಯವರ ಮಾತಿಗಿಲ್ಲದ ತೂಕ ಬರುವುದು ಈ ಕಾರಣದಿಂದ. ಅದೇ ಕಾರಣದಿಂದ ಅದಕ್ಕೆ ಬೇರೆಯವರ ಮಾತಿಗಿಲ್ಲದ ಒಂದು ಹೊಣೆಯೂ ಅಂಟಿಕೊಳ್ಳುತ್ತದೆ.

ಆ ಹೊಣೆಯ ಸ್ವರೂಪವನ್ನು ಗುರುತಿಸಲು ತುಳುನಾಡಿನ ಜನಪದ ಆಚರಣೆಯೊಂದು ನೆರವಾಗುತ್ತದೆ. ಆಟಿ ತಿಂಗಳ ಬಿಡದ ಮಳೆಯಲ್ಲಿ ನಲಿಕೆಯವರು ಆಟಿ ಕಳೆಂಜನಾಗಿ ಮನೆಮನೆಗೆ ಬಂದು ಮಾರಿಯನ್ನು ಕಳೆಯುತ್ತಾರೆ. ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯ ಕುಡಿಯುವ ರೂಢಿಯೂ ಈ ರೋಗಭೀತಿಯ ಕಾಲಕ್ಕೇ ಸೇರಿದ್ದು. ಇವುಗಳ ಜೊತೆಗೆ, ಊರಿಗೆ ಬಂದ ಮಾರಿಯನ್ನು ಗಡಿ ದಾಟಿಸಿ ಬಿಡುವ ಆಚರಣೆ ತುಳುನಾಡಿನಲ್ಲಷ್ಟೇ ಅಲ್ಲದೆ ಕರ್ನಾಟಕದ ಹಲವು ಭಾಗಗಳಲ್ಲಿ ಕಂಡುಬರುತ್ತದೆ. ಒಂದು ಊರಿನವರು ಗಡಿಯಲ್ಲಿ ಬಿಟ್ಟುದನ್ನು ಮುಂದಿನ ಊರಿನವರು ತಮ್ಮ ಗಡಿಯಾಚೆಗೆ ಸಾಗಿಸುತ್ತಾರೆ. ಔಷಧಿ ಇಲ್ಲದ ಕಾಲದಲ್ಲಿ ಭಯವನ್ನು ನಿಭಾಯಿಸಲು ಸಮುದಾಯ ಕಂಡುಕೊಂಡ ದಾರಿ ಇದು. ಇದರಲ್ಲಿ ಮಾರಿ ನಾಶವಾಗುವುದಿಲ್ಲ, ಸ್ಥಳ ಬದಲಿಸುತ್ತದೆ ಎಂಬುದನ್ನು ಗಮನಿಸಬೇಕು. ಆಧುನಿಕ ಆಡಳಿತದಲ್ಲಿ ಗಡಿ ಎಂಬುದು ಊರಿನ ಎಲ್ಲೆಯಲ್ಲ, ಅಧಿಕಾರಾವಧಿಯ ಎಲ್ಲೆ. ಇಳಿದವರು ರೋಗವನ್ನು ಬಂದವರ ಗಡಿಗೆ ದಾಟಿಸುತ್ತಾರೆ; ಬಂದವರು ಅದು ಹಿಂದಿನವರ ಕಾಲದ್ದೆಂದು ತಿರುಗಿ ದಾಟಿಸುತ್ತಾರೆ.

ಪೆರಾಬೆಯ ಆಸುಪಾಸಿನಲ್ಲಿಯೇ ಇದಕ್ಕೆ ನೋವಿನ ನಿದರ್ಶನವಿದೆ. ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಸರ್ಕಾರಿ ಸ್ವಾಮ್ಯದ ಕರ್ನಾಟಕ ಗೇರು ಅಭಿವೃದ್ಧಿ ನಿಗಮವು ಎಂಡೋಸಲ್ಫಾನ್ ಕೀಟನಾಶಕವನ್ನು ಆಕಾಶದಿಂದ ಸಿಂಪಡಿಸಿತು. ಸುಮಾರು ಎರಡು ದಶಕಗಳ ಕಾಲ ನಡೆದ ಈ ಸಿಂಪರಣೆ ನಿಂತದ್ದು 2000ದ ಹೊತ್ತಿಗೆ. 1980ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಆರ್. ಗುಂಡೂರಾವ್ ಅವರಿಂದ 1999ರಲ್ಲಿ ಬಂದ ಎಸ್.ಎಂ. ಕೃಷ್ಣ ಅವರವರೆಗೆ ಈ ಅವಧಿಯಲ್ಲಿ ರಾಜ್ಯ ಒಂಬತ್ತು ಮಂದಿ ಮುಖ್ಯಮಂತ್ರಿಗಳನ್ನು ಕಂಡಿತು. ರಾಜ್ಯ ಸರ್ಕಾರ ಈ ಕೀಟನಾಶಕವನ್ನು ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ನೀಡಿದ್ದು ಅದೇ ವರ್ಷದ ಮೇ 13ರಂದು. ಪೀಡಿತರೆಂದು ಗುರುತಿಸಲಾದವರಿಗಾಗಿ ಕೊಕ್ಕಡ ಹಾಗೂ ಪೆರಾಬೆಗೆ ಸಮೀಪದ ಕೊಯಿಲದಲ್ಲಿ ಹಗಲು ಆರೈಕೆ ಕೇಂದ್ರಗಳು ಬಂದವು, ಮಾಸಾಶನ ಬಂದಿತು. ಮಾಸಾಶನ ಸಾಲದೆಂದೂ ಶಾಶ್ವತ ಪುನರ್ವಸತಿ ಬೇಕೆಂದೂ ಹೇಳುವ ಹಕ್ಕು ಯಾವ ಪಕ್ಷದ ಮಾಜಿ ನಾಯಕರಿಗೂ ಇದೆ. ಆದರೆ ಆ ಹೆಲಿಕಾಪ್ಟರ್ ಹಾರಿದ ವರ್ಷಗಳಲ್ಲಿ ತಮ್ಮ ಪಕ್ಷ ಎಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಹೇಳಿದ ಮಾತು ಮಾರಿಯನ್ನು ಗಡಿ ದಾಟಿಸುವ ಕ್ರಿಯೆಯಾಗುತ್ತದೆಯೇ ಹೊರತು ವಿಮರ್ಶೆಯಾಗುವುದಿಲ್ಲ.

ಯಶಸ್ವಿನಿ ಯೋಜನೆಯ ಚರಿತ್ರೆ ಇದೇ ಮಾತನ್ನು ಬೇರೊಂದು ಬಗೆಯಲ್ಲಿ ಸ್ಪಷ್ಟಪಡಿಸುತ್ತದೆ. ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ ರೂಪುಗೊಂಡು 2003ರ ಜೂನ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯ ಹಿಂದೆ ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಹೃದ್ರೋಗ ತಜ್ಞ ಡಾ. ದೇವಿಪ್ರಸಾದ ಶೆಟ್ಟಿ ಅವರ ಚಿಂತನೆಯಿತ್ತು. ಸಹಕಾರಿ ಸಂಘದ ಸದಸ್ಯರಾದ ರೈತರು ಆರಂಭದಲ್ಲಿ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ವಂತಿಗೆ ಕೊಟ್ಟು ಶಸ್ತ್ರಚಿಕಿತ್ಸೆಯ ಭದ್ರತೆ ಪಡೆದರು. ಮೊಳಹಳ್ಳಿ ಶಿವರಾಯರ ಶ್ರಮದಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸಹಕಾರ ಚಳವಳಿ ಬೇರೂರಿದ ಪುತ್ತೂರು ಸೀಮೆಯ ಅಡಿಕೆ ಕೃಷಿಕರಿಗೆ ಈ ಕ್ರಮ ಅಪರಿಚಿತವಾದುದಾಗಿರಲಿಲ್ಲ. ಆ ಬಳಿಕ ಯಡಿಯೂರಪ್ಪ ಅವರ ಮೊದಲ ಅವಧಿಯಲ್ಲಿ ವಾಜಪೇಯಿ ಆರೋಗ್ಯಶ್ರೀ, ಸಿದ್ದರಾಮಯ್ಯ ಅವರ ಕಾಲದಲ್ಲಿ ರಾಜೀವ್ ಆರೋಗ್ಯ ಭಾಗ್ಯ ಬಂದವು. 2018ರ ಮಾರ್ಚ್ 2ರಂದು ಸಿದ್ದರಾಮಯ್ಯ ಸರ್ಕಾರ ಎಲ್ಲ ಯೋಜನೆಗಳನ್ನೂ ಒಂದಾಗಿಸುವ ‘ಆರೋಗ್ಯ ಕರ್ನಾಟಕ’ವನ್ನು ಆರಂಭಿಸಿತು. ಅದರ ಪರಿಣಾಮವಾಗಿ ಯಶಸ್ವಿನಿ ನಿಂತದ್ದು ಮೇ 31ರಂದು. ಆ ಹೊತ್ತಿಗೆ ಎಚ್.ಡಿ. ಕುಮಾರಸ್ವಾಮಿ ಅಧಿಕಾರ ವಹಿಸಿಕೊಂಡು ಒಂದು ವಾರವಷ್ಟೇ ಆಗಿತ್ತು. ಬಸವರಾಜ ಬೊಮ್ಮಾಯಿ ಅವರ ಸರ್ಕಾರ 2022ರ ಆಯವ್ಯಯದಲ್ಲಿ ಯೋಜನೆಯನ್ನು ಮತ್ತೆ ಘೋಷಿಸಿತು. 2023ರ ಜನವರಿ 1ರಿಂದ ಅದು ಪುನಃ ಜಾರಿಗೆ ಬಂದಿತು. ಆಗ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ.

ಇಲ್ಲಿ ನಿರ್ಧಾರ ಒಬ್ಬರದು, ಅದರ ಫಲ ಕಂಡ ಕಾಲ ಇನ್ನೊಬ್ಬರದು, ತಿದ್ದುಪಡಿ ಮತ್ತೊಬ್ಬರದು. 2018ರ ಜೂನ್ ತಿಂಗಳಿಂದ 2022ರ ಕೊನೆಯವರೆಗೆ ತಮ್ಮ ಸಂಘದ ಮೂಲಕ ದೊರೆಯುತ್ತಿದ್ದ ಭದ್ರತೆಯನ್ನು ಕಳೆದುಕೊಂಡ ಸದಸ್ಯ ಯಾರನ್ನು ಕೇಳಬೇಕು? ಬಡತನ ರೇಖೆಗಿಂತ ಮೇಲಿನವನೆಂದು ಪರಿಗಣಿತನಾದ ಸಣ್ಣ ಕೃಷಿಕನಿಗೆ ಹೊಸ ವ್ಯವಸ್ಥೆ ವೆಚ್ಚದ ಶೇಕಡಾ 30ರಷ್ಟನ್ನು ಮಾತ್ರ ಭರಿಸುವುದಾಗಿತ್ತು. ಹಳೆಯ ಯೋಜನೆ ಯಾಕೆ ಬೇಕಿತ್ತು, ಯಾಕೆ ಸಾಲದಾಯಿತು, ಒಂದಾಗಿಸುವಾಗ ಏನು ಕೈಬಿಟ್ಟುಹೋಯಿತು ಎಂಬುದನ್ನು ಬಲ್ಲವರು ಅದನ್ನು ನಡೆಸಿದವರೇ. ಅವರು ಮೌನ ವಹಿಸಿದರೆ ಆ ತಿಳಿವು ಕಡತಗಳಲ್ಲಿ ಉಳಿಯುತ್ತದೆ.

ಇದಕ್ಕೆ ಮಾದರಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಸಹಕಾರಿ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಹಿಂದಿನ ಅಧ್ಯಕ್ಷರು ಸದಸ್ಯರ ಸಾಲಿನಲ್ಲಿ ಕುಳಿತಿರುತ್ತಾರೆ. ಅಢಾವೆ ಪತ್ರಿಕೆಯ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಸದಸ್ಯತ್ವದಿಂದ ಬಂದದ್ದು. ‘ಮಾಜಿಗಳು ಮಾತನಾಡಬಾರದು’ ಎಂದು ಅಲ್ಲಿ ಯಾರೂ ಹೇಳಲಾರರು. ಆದರೆ ಬಾಕಿಯಾದ ಸಾಲ ಯಾರ ಕಾಲದಲ್ಲಿ ಮಂಜೂರಾಯಿತು ಎಂದು ಹಿಂದಿನ ಸಾಲಿನಿಂದ ಎದ್ದುನಿಂತು ಕೇಳುವ ಇನ್ನೊಬ್ಬ ಸದಸ್ಯನೂ ಅದೇ ಸಭೆಯಲ್ಲಿರುತ್ತಾನೆ. ಹಾಗಾಗಿ ಲೆಕ್ಕ ಕೇಳಲು ನಿಂತವರು ತಮ್ಮ ಕಾಲದ ಲೆಕ್ಕದೊಂದಿಗೇ ನಿಲ್ಲಬೇಕಾಗುತ್ತದೆ. ಮಾತಿನ ಹಕ್ಕು ಮತ್ತು ಲೆಕ್ಕದ ಹೊಣೆ ಇಲ್ಲಿ ಬೇರೆಯಾಗುವುದಿಲ್ಲ.

ಈ ಕ್ರಮವನ್ನು ರಾಜ್ಯದ ಮಟ್ಟಕ್ಕೆ ಅನ್ವಯಿಸಿದಾಗ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಆರೋಗ್ಯನೀತಿಯ ಬಗ್ಗೆ ಮಾಜಿ ನಾಯಕರು ಬಹಿರಂಗವಾಗಿ ಮಾತನಾಡುವುದು ಅನೌಚಿತ್ಯವಲ್ಲ, ಕರ್ತವ್ಯ. ಅದು ಅಂಕಿಅಂಶಗಳ ಆಧಾರದ ಮೇಲೆ, ಉತ್ತರಕ್ಕೆ ಅವಕಾಶವಿರುವ ರೀತಿಯಲ್ಲಿ ನಡೆಯಬೇಕು. ಲಸಿಕೆ, ಚಿಕಿತ್ಸೆಗಳ ಮೇಲೆ ಜನರಿಗಿರುವ ನಂಬಿಕೆಯನ್ನು ಕೆಡಿಸುವ ಮಾತು ಇದರಲ್ಲಿ ಸೇರದು. ತಮ್ಮ ಅವಧಿಯಲ್ಲಿ ಆದುದನ್ನೂ ಆಗದೆ ಉಳಿದುದನ್ನೂ ಹೇಳಿಕೊಳ್ಳುವುದು ಅದರ ಮೊದಲ ಭಾಗವಾಗಬೇಕು. 2020ರಲ್ಲಿ ಲೆಕ್ಕ ಕೇಳಿದ ಸಿದ್ದರಾಮಯ್ಯ ಅವರು 2023ರ ಮೇ ತಿಂಗಳಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಅವರ ಸರ್ಕಾರ ಆ ಆಗಸ್ಟ್‌ನಲ್ಲಿ ಕೋವಿಡ್ ಕಾಲದ ಖರೀದಿಗಳ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗವನ್ನು ನೇಮಿಸಿತು. 2024ರ ಆಗಸ್ಟ್ 31ರಂದು ಮಧ್ಯಂತರ ವರದಿ ಬಂದಿತು. ಪತ್ರಿಕಾಗೋಷ್ಠಿಯ ಆರೋಪ ಹೀಗೆ ವಿಚಾರಣೆಯ ರೂಪ ಪಡೆದದ್ದು ಒಂದು ಮುನ್ನಡೆ. ಆದರೆ ಕೇಳುವವರೂ ಒಂದು ದಿನ ಕೇಳಿಸಿಕೊಳ್ಳಬೇಕಾದವರೇ ಎಂಬುದನ್ನು ಪೀಠಗಳ ಈ ಅದಲುಬದಲು ನೆನಪಿಸುತ್ತದೆ.

ಮಾರಿಯನ್ನು ಗಡಿಯಾಚೆ ಬಿಟ್ಟು ಬಂದ ಊರಿನವರಿಗೆ ಆ ರಾತ್ರಿ ನೆಮ್ಮದಿಯ ನಿದ್ದೆ ಬಂದಿರಬಹುದು. ಗಡಿಯ ಮೇಲೆಯೇ ಮನೆಯಿದ್ದವನಿಗೆ ಆ ನೆಮ್ಮದಿಯಿರಲಿಲ್ಲ. ಎರಡು ಸರ್ಕಾರಗಳ ನಡುವಿನ ಗಡಿಯಲ್ಲಿ, ರದ್ದಾದ ಕಾರ್ಡು ಮತ್ತು ಇನ್ನೂ ಬಾರದ ಕಾರ್ಡಿನ ನಡುವೆ, ಆಸ್ಪತ್ರೆಯ ಬಾಗಿಲಲ್ಲಿ ನಿಂತ ರೋಗಿ ಅಂಥವನು. ಅಧಿಕಾರದಿಂದ ಇಳಿದವರ ಮಾತು ಅವನ ಪರವಾಗಿ ಇದೆಯೋ, ಅವನ ಮೇಲಿನಿಂದ ದಾಟಿಹೋಗುತ್ತದೆಯೋ ಎಂಬುದೇ ಆ ಮಾತಿನ ಅರ್ಹತೆಯನ್ನು ನಿರ್ಣಯಿಸುವ ಅಳತೆಗೋಲು.