ಪರದೇಶಿ

ಹೆತ್ತವರನ್ನು ಕಳೆದುಕೊಂಡ ಮಗುವನ್ನು ಕಂಡು ಹಿರಿಯರು ‘ಪಾಪ, ಪರದೇಶಿ ಆಗೋಯ್ತು’ ಅನ್ನುತ್ತಾರೆ. ಆ ಮಗು ಹುಟ್ಟಿದ ಓಣಿ ಬಿಟ್ಟು ಎಲ್ಲಿಗೂ ಹೋಗಿರುವುದಿಲ್ಲ. ಬೇರೆ ನಾಡಿನವನು ಎಂಬ ಅರ್ಥ ಹೊತ್ತು ಸಂಸ್ಕೃತದಿಂದ ಬಂದ ಪದ ಕನ್ನಡಿಗರ ಬಾಯಲ್ಲಿ ಪಳಗಿ ಹೇಳೋರು ಕೇಳೋರು ಇಲ್ಲದವನು ಎಂದಾಗಿದೆ. ಬೈಗುಳವಾಗಿಯೂ ಬಳಸುತ್ತೇವೆ, ನಿಜ. ಅದರಲ್ಲಿ ತಾತ್ಸಾರವಿದೆ, ಭಯವಿಲ್ಲ. ಊರಿಗೆ ಬಂದ ಹೊಸಬನೇ ಅಪಾಯದಲ್ಲಿರುವವನು ಎಂದು ಈ ಪದಕ್ಕೆ ಗೊತ್ತಿದೆ.

ತಮಿಳಿನಲ್ಲಿ ಪರದೇಶಿ ಎಂದರೆ ತಿರಿದುಣ್ಣುವವನು. ಹಿಂದಿ ಹಾಡುಗಳಲ್ಲಿ ಬಿಟ್ಟುಹೋಗುವ ಪ್ರಿಯಕರ. ಕೊಚ್ಚಿಯ ಮಟ್ಟಾಂಚೇರಿಯಲ್ಲಂತೂ ಈ ಹೆಸರಿನ ಕಟ್ಟಡವೇ ಇದೆ, 1568ರ ಪರದೇಶಿ ಸಿನಗಾಗ್, ಯಹೂದಿಗಳ ಪ್ರಾರ್ಥನಾ ಮಂದಿರ. ಸ್ಪೇನಿನ ದೊರೆಗಳು 1492ರಲ್ಲಿ ಯಹೂದಿಗಳನ್ನು ಹೊರದಬ್ಬಿದರು, ಪೋರ್ಚುಗಲ್‌ನಲ್ಲೂ ಅವರಿಗೆ ಉಳಿಗಾಲವಿರಲಿಲ್ಲ. ಹಾಗೆ ದೇಶ ಬಿಟ್ಟು ಬಂದವರಿಗೆ ಕೊಚ್ಚಿಯ ರಾಜ ತನ್ನ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟ. ಅರಮನೆಯ ದೇವಸ್ಥಾನಕ್ಕೂ ಸಿನಗಾಗ್‌ಗೂ ನಡುವೆ ಒಂದೇ ಗೋಡೆ. ರಾಜ್ಯವಾಳುವವರು ಹೊಸಬರನ್ನು ಹೀಗೂ ನೋಡಬಹುದಿತ್ತು.

ಬ್ರಿಟಿಷ್ ಸರ್ಕಾರ ನೋಡಿದ್ದು ಬೇರೆ ಕಣ್ಣಿನಿಂದ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಠಾಣೆಯಲ್ಲಿ ಹೆಸರು ಬರೆಸಬೇಕು, ಪಾಸ್ ಇಲ್ಲದೆ ಊರು ದಾಟುವಂತಿಲ್ಲ. 1952ರಲ್ಲಿ ಆ ಪಟ್ಟಿ ರದ್ದಾದರೂ ಅನುಮಾನ ಊರೂರಲ್ಲಿ ಉಳಿದುಕೊಂಡಿತು.

ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ 2018ರ ಜುಲೈ 1 ಸಂತೆಯ ದಿನ. ಭಿಕ್ಷೆ ಬೇಡಿ ಬದುಕುವ ದವರಿ ಗೋಸಾವಿ ಅಲೆಮಾರಿಗಳು ಐವರು ಬಸ್ಸಿಳಿದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಜನ ಅವರನ್ನು ಹೊಡೆಯುತ್ತಾ ಎಳೆದೊಯ್ದು ಗ್ರಾಮ ಪಂಚಾಯಿತಿ ಕಚೇರಿಯೊಳಗೆ ಕೂಡಿಹಾಕಿದರು, ಅಲ್ಲೇ ಬಡಿದು ಕೊಂದರು. ಊರಿನ ಪಂಚಾಯಿತಿ ಕಚೇರಿ! ಜಗಳವಾದರೆ ನ್ಯಾಯ ಕೇಳಲು ಹೋಗುವ ಜಾಗ. ಅದೇ ವರ್ಷ ಮೇ ತಿಂಗಳಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಇದೇ ಗುಮಾನಿಗೆ ಹಗ್ಗದಲ್ಲಿ ಕಟ್ಟಿ ಕೊಂದಿದ್ದರು. ಅವರಲ್ಲಿ ಒಬ್ಬರನ್ನಾದರೂ ಯಾರಾದರೂ ‘ಪಾಪ, ಪರದೇಶಿ’ ಎಂದು ಕಂಡಿದ್ದರೆ ಕೈ ಮೇಲೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಈಗ ಬೆಂಗಳೂರಿನ ಬಾಯಲ್ಲಿ ಓಡಾಡುವ ಪದ ‘ಬಾಂಗ್ಲಾದವರು’. ಚಿಂದಿ ಆಯುವವರು, ಮನೆಗೆಲಸದವರು, ಬಂಗಾಳಿ ಮಾತಾಡುವ ಯಾರಿಗಾದರೂ ಸಲ್ಲುತ್ತದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಈ ಪದದ ಹೆಸರಿನಲ್ಲೇ ಜೆಸಿಬಿ ನುಗ್ಗಿ ಶೆಡ್ಡುಗಳನ್ನು ನೆಲಸಮ ಮಾಡಿತು. ಆಧಾರ್, ವೋಟರ್ ಐಡಿ ಹಿಡಿದು ನಿಂತವರು ಅಸ್ಸಾಂ, ತ್ರಿಪುರಾದವರು. ಜೊತೆಗೆ ಉತ್ತರ ಕರ್ನಾಟಕದಿಂದ ಗುಳೆ ಬಂದ ನಮ್ಮವರೂ ಇದ್ದರು. ತೆರವಿಗೆ ಕಾನೂನಿನ ಬಲವಿರಲಿಲ್ಲ ಎಂದು ಕಂಡ ಹೈಕೋರ್ಟ್, ಮನೆ ಕಳೆದುಕೊಂಡವರ ಪುನರ್ವಸತಿ ಸರ್ಕಾರದ ಹೊಣೆ ಎಂದಿತು.