ಅಬ್ಬಲಬ್ಬೆ: ರನ್ನನ ತಾಯಿಯನ್ನು ಕುರಿತು

ರನ್ನನ ಕಾವ್ಯವನ್ನು ಪಾಠ ಹೇಳುವಾಗ ಅವನ ಜೀವನವೃತ್ತಾಂತವನ್ನು ಹತ್ತು ನಿಮಿಷಗಳಲ್ಲಿ ಮುಗಿಸಿಬಿಡುವುದು ನಮ್ಮ ಅಧ್ಯಾಪಕವರ್ಗದ ರೂಢಿ. ಜನನ ಕ್ರಿ.ಶ. 949, ಊರು ಮುದುವೊಳಲು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ, ಆಶ್ರಯವಿತ್ತವರು ಚಾವುಂಡರಾಯ, ಅತ್ತಿಮಬ್ಬೆ ಮತ್ತು ಚಾಳುಕ್ಯ ತೈಲಪ. ನಾನೂ ಇಪ್ಪತ್ತೈದು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಉಳಿದ ಹೆಸರುಗಳ ಮುಂದೆ ವಿವರಿಸುವುದಕ್ಕೆ ಏನಾದರೊಂದು ಇರುತ್ತದೆ. ತಾಯಿಯ ಹೆಸರಿನ ಮುಂದೆ ಏನೂ ಇಲ್ಲ. ಹೋದ ವರ್ಷ ನಮ್ಮ ಅವ್ವ ತೀರಿಕೊಂಡಳು. ಆಮೇಲೆ ತರಗತಿಯಲ್ಲಿ ಮೊದಲ ಬಾರಿಗೆ ಅಬ್ಬಲಬ್ಬೆಯ ಹೆಸರು ಹೇಳಿ ಮುಂದಕ್ಕೆ ಹೋಗಲಾರದೆ ನಿಂತೆ.

ಮುದುವೊಳಲೆಂದರೆ ಇಂದಿನ ಮುಧೋಳ. ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತಕ್ಕೆ ಅದು ಸೇರಿತ್ತು. ಆ ಜಂಬುಖಂಡಿಯೇ ನಮ್ಮ ಜಮಖಂಡಿ; ಬೆಳುಗಲಿಯ ಹೆಸರು ರನ್ನಬೆಳಗಲಿಯಲ್ಲಿ ಈಗಲೂ ಉಳಿದಿದೆ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆ ಕೃಷ್ಣೆ ಮತ್ತು ಘಟಪ್ರಭೆಗಳ ನೀರಿನಿಂದ ಬದುಕುವ ಸೀಮೆ. ಸಾವಿರ ವರ್ಷಗಳ ಹಿಂದೆ ಕಬ್ಬಿನ ಕಾರ್ಖಾನೆಗಳಾಗಲಿ ವಿದ್ಯುತ್ ಮಗ್ಗಗಳಾಗಲಿ ಇಲ್ಲಿರಲಿಲ್ಲ. ಆದರೆ ಬೆಳಗಿನ ಜಾವಕ್ಕೆ ಎದ್ದು ಒಲೆ ಹೊತ್ತಿಸುವ ತಾಯಂದಿರು ಇದ್ದರು.

ಹೆಸರನ್ನೇ ಮೊದಲು ನೋಡೋಣ. ಅತ್ತಿಮಬ್ಬೆ, ಗುಂಡಮಬ್ಬೆ, ಅಬ್ಬಲಬ್ಬೆ: ಹತ್ತನೆಯ ಶತಮಾನದ ಈ ಹೆಸರುಗಳ ಕೊನೆಗೆ ನಿಂತಿರುವ 'ಅಬ್ಬೆ' ಎಂದರೆ ತಾಯಿ. ನಮ್ಮ ಸೀಮೆಯ ಗಂಗವ್ವ, ಕಲ್ಲವ್ವ, ಪದ್ಮವ್ವಗಳಲ್ಲಿರುವ 'ಅವ್ವ' ಅದರದೇ ಬಳಗದ ಮಾತು. ಹುಟ್ಟಿದ ಕೂಸಿಗೇ ತಾಯಿಯ ಪದವಿಯನ್ನು ಸೇರಿಸಿ ಕರೆಯುವ ಈ ಪದ್ಧತಿಯಲ್ಲಿ ಗೌರವವಿದೆ. ಆ ಕೂಸು ಮುಂದೆ ಏನಾಗಬೇಕೆಂಬ ತೀರ್ಮಾನವೂ ಇದೆ.

ಆದರೂ ಅಬ್ಬಲಬ್ಬೆ ಒಂದು ಬಗೆಯಲ್ಲಿ ಅದೃಷ್ಟವಂತೆ. ಮಗನೇ ತನ್ನ ಕಾವ್ಯದಲ್ಲಿ ಅವಳ ಹೆಸರನ್ನು ಹೇಳಿದ. ಪಂಪನ ತಾಯಿಯ ಸಂಗತಿ ಬೇರೆ. ಆಕೆ ಅಬ್ಬಣಬ್ಬೆ, ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು ಎಂಬುದು ನಮಗೆ ತಿಳಿದದ್ದು ಇಂದಿನ ತೆಲಂಗಾಣದಲ್ಲಿರುವ ಕುರಿಕ್ಯಾಲದ ಬಂಡೆಯ ಶಾಸನದಿಂದ. ಅದನ್ನು ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ. ಆ ಶಾಸನ ಬೆಳಕಿಗೆ ಬಾರದೆ ಹೋಗಿದ್ದರೆ ಆದಿಕವಿಯ ತಾಯಿಯನ್ನು ಹೆಸರಿಟ್ಟು ಕರೆಯಲು ನಮಗೆ ದಾರಿಯೇ ಇರಲಿಲ್ಲ. ಕವಿಯ ತಮ್ಮನ ಹೆಸರೂ ಮತ್ತೊಬ್ಬ ಕವಿಯ ತಂದೆಯ ಹೆಸರೂ ಒಂದೇ ಆಗಿರುವುದರಿಂದ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಇವರನ್ನು ಕಲಸಿಬಿಡುವುದುಂಟು. ಅಬ್ಬಣಬ್ಬೆ, ಅಬ್ಬಲಬ್ಬೆಯರನ್ನು ಕಲಸಿದವರನ್ನು ನಾನು ಕಂಡಿಲ್ಲ. ಅವರನ್ನು ಕುರಿತು ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ.

ರನ್ನನದು ಬಳೆಗಾರರ ಕುಲ. ಅಬ್ಬಲಬ್ಬೆಯ ಮನೆಯನ್ನು ಊಹಿಸಿಕೊಳ್ಳಲು ನಮಗಿರುವ ಒಂದೇ ಕಿಂಡಿ ಇದು. ಬಳೆಯ ವ್ಯಾಪಾರ ಅಂಗಡಿಯಲ್ಲಿ ಕುಳಿತು ಮಾಡುವಂಥದಷ್ಟೇ ಅಲ್ಲ. ಸಂತೆ, ಜಾತ್ರೆ, ಮನೆಮನೆಗಳನ್ನು ತಿರುಗಿ ಮಾಡುವಂಥದು. ಗಂಡಸರು ಹೊರೆ ಹೊತ್ತು ಹೋದ ಮೇಲೆ ಮನೆಯ ಪೂರ್ತಿ ಭಾರ ಹೆಂಗಸಿನ ಮೇಲೆ ಬೀಳುತ್ತದೆ. ಒಡೆಯುವ ಸರಕನ್ನು ಗಾತ್ರ ನೋಡಿ ಬೇರ್ಪಡಿಸಿ, ಪೋಣಿಸಿ, ಕಟ್ಟಿಡುವ ಕೆಲಸವೂ ಅವಳದೇ ಆಗಿದ್ದಿರಬೇಕು. ಇದು ಇಂದಿನ ಬಳೆಗಾರರ ಮನೆಗಳನ್ನು ಕಂಡು ನಾನು ಮಾಡುವ ಊಹೆ. ದೃಢಬಾಹು, ರೇಚಣ, ಮಾರಮಯ್ಯ ಮತ್ತು ರನ್ನ, ಹೀಗೆ ನಾಲ್ವರು ಗಂಡುಮಕ್ಕಳು. ಅವರಲ್ಲೊಬ್ಬ ಕುಲದ ಕಸುಬನ್ನು ಬಿಟ್ಟು ಓದಿಗೆಂದು ದೂರ ಹೊರಟ. ಗಂಗರ ನಾಡಿನಲ್ಲಿ ಚಾವುಂಡರಾಯನ ಆಸರೆ ಅವನಿಗೆ ಸಿಕ್ಕಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಬರಹವಿದೆ. ರನ್ನನ ಹಸ್ತಾಕ್ಷರವೆಂದು ವಿದ್ವಾಂಸರು ಅದನ್ನು ಗುರುತಿಸುತ್ತಾರೆ. ಮುಧೋಳದಿಂದ ಅಲ್ಲಿಗೆ ಎಷ್ಟು ದಿನಗಳ ಕಾಲ್ನಡಿಗೆ ಎಂದು ಲೆಕ್ಕ ಹಾಕಿದವನಿಗೆ ತಾಯಿಯ ಕಾಯುವಿಕೆಯೂ ತಿಳಿಯುತ್ತದೆ.

ಕಾವ್ಯದೊಳಗೆ ಅವಳು ಎಲ್ಲಾದರೂ ಇರಬಹುದೇ? ಗದಾಯುದ್ಧವನ್ನು ಮತ್ತೆ ಓದಿದಾಗ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾವ್ಯದ ಕಥಾನಾಯಕ ಭೀಮ. ಅವನಲ್ಲಿ ಸಮೀಕರಿಸಲ್ಪಟ್ಟವನು ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗ. ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಮಕ್ಕಳೆಲ್ಲರನ್ನೂ ಕಳೆದುಕೊಂಡ ಗಾಂಧಾರಿ ಗಂಡನೊಡನೆ ರಣರಂಗಕ್ಕೆ ಬಂದು, ಉಳಿದ ಒಬ್ಬ ಮಗನಾದರೂ ಬದುಕಲೆಂದು ಸಂಧಿಗಾಗಿ ಬೇಡುತ್ತಾಳೆ. ಮಗ ಕೇಳುವುದಿಲ್ಲ. ಮುಂದೆ ದುಶ್ಶಾಸನನ ಶವದ ಎದುರು ದುರ್ಯೋಧನ ಅಳುವ ಸನ್ನಿವೇಶದಲ್ಲಿ ರನ್ನನಿಗೆ ಹೊಳೆಯುವುದು ತಾಯಿಯ ಹಾಲು: ಮೊದಲು ನಾನು ಉಂಡೆ, ನನ್ನ ನಂತರ ನೀನು ಉಂಡೆ, ಎಲ್ಲದರಲ್ಲೂ ಈ ಸರದಿ ನಡೆಯಿತು, ಸಾವಿನಲ್ಲಿ ಮಾತ್ರ ತಿರುವುಮುರುವಾಯಿತು ಎಂಬ ಭಾವ. ಅರಮನೆಯಲ್ಲಿ ದಾದಿಯರಿರುತ್ತಾರೆ. ಒಂದೇ ಮಡಿಲಿಗಾಗಿ ಸರದಿ ಕಾಯುವ ಅನುಭವ ನಾಲ್ಕು ಮಕ್ಕಳ ಬಡಮನೆಯದು ಎಂದೇ ನನಗೆ ತೋರುತ್ತದೆ. ಇದನ್ನು ಸಂಶೋಧನೆಯೆಂದು ನಾನು ಹೇಳುತ್ತಿಲ್ಲ. ಹೀಗೆ ಓದದಿರಲು ನನ್ನಿಂದ ಆಗುತ್ತಿಲ್ಲ, ಅಷ್ಟೆ.

ಅತ್ತಿಮಬ್ಬೆಯನ್ನು ಕುರಿತು ನಮಗೆ ಎಷ್ಟೆಲ್ಲ ತಿಳಿದಿದೆ! ಪತಿ ನಾಗದೇವ ಸತ್ತಾಗ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅಕ್ಕ ಬದುಕಿ ಉಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದವಳೂ ಅವಳೇ. ಅಬ್ಬಲಬ್ಬೆಯ ಹೆಸರು ಉಳಿದಿರುವುದೂ ಆ ಕಾವ್ಯದಲ್ಲಿಯೇ. ಒಬ್ಬ ತಾಯಿಯ ದಾನದಿಂದ ಇನ್ನೊಬ್ಬ ತಾಯಿಯ ಹೆಸರು ಉಳಿಯಿತು. ಆದರೆ ರನ್ನನ ಮಕ್ಕಳ ಹೆಸರು ಗಮನಿಸಿ: ಮಗ ರಾಯ, ಮಗಳು ಅತ್ತಿಮಬ್ಬೆ. ಎರಡೂ ಆಶ್ರಯದಾತರ ನೆನಪಿನವು. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ವಾಡಿಕೆ ನಮ್ಮಲ್ಲಿ ಬಲವಾಗಿದ್ದರೂ ಅಬ್ಬಲಬ್ಬೆಯ ಸರದಿ ಬರಲಿಲ್ಲ. ಇದಕ್ಕಾಗಿ ಕವಿಯನ್ನು ದೂರುವ ಅರ್ಹತೆ ನನಗಿಲ್ಲ.

ನಮ್ಮ ಅವ್ವ ಬನಹಟ್ಟಿಯ ನೇಕಾರರ ಓಣಿಗೆ ಸೊಸೆಯಾಗಿ ಬಂದವಳು. ನಾಲ್ವತ್ತು ವರ್ಷ ಅಡುಗೆ, ಮಕ್ಕಳು, ಮುದುಕರ ಸೇವೆಗಳ ನಡುವೆ ಮಗ್ಗಕ್ಕೆ ಬೇಕಾದ ಕಂಡಿಕೆಗಳನ್ನೆಲ್ಲ ಸುತ್ತಿಕೊಟ್ಟಳು. ಸೀರೆ ಅಪ್ಪನ ಲೆಕ್ಕಕ್ಕೆ ಹೋಗುತ್ತಿತ್ತು, ಕೂಲಿಯೂ ಅವರ ಕೈಗೇ ಬರುತ್ತಿತ್ತು. ಕಂಡಿಕೆಗೆ ಲೆಕ್ಕವಿರಲಿಲ್ಲ. ಮನೆಗೆಲಸವನ್ನಷ್ಟೇ ಮಾಡುವ ಹೆಣ್ಣನ್ನು ನಮ್ಮ ಜನಗಣತಿಯೂ ದುಡಿಯದವರ ಸಾಲಿಗೆ ಸೇರಿಸುತ್ತದೆ. ಅವಳು ತೀರಿಕೊಂಡ ಮೇಲೆ ತುಂಬಬೇಕಾದ ಅರ್ಜಿಯಲ್ಲಿ 'ಉದ್ಯೋಗ' ಎಂಬ ಕಡೆಗೆ ನಾನೂ 'ಗೃಹಿಣಿ' ಎಂದು ಬರೆದೆ. ಬರೆದ ಮೇಲೆ, ಹತ್ತಿಯ ನೂಲಿನ ದೂಳಿಗೆ ಅವಳು ರಾತ್ರಿಯೆಲ್ಲ ಕೆಮ್ಮುತ್ತಿದ್ದುದು ನೆನಪಾಯಿತು.

ನನ್ನ ಮಗಳು ಹುಟ್ಟಿದಾಗ ಅವ್ವನ ಹೆಸರನ್ನೇ ಇಡಬೇಕೆಂದು ಅತ್ತೆಯವರು ಹೇಳಿದ್ದರು. ಹಳೆಯ ಕಾಲದ ಹೆಸರಾಯಿತೆಂದು ನಾವು ಬೇರೆ ಹೆಸರು ಇಟ್ಟೆವು. ಅವ್ವ ತೊಟ್ಟಿಲು ತೂಗುತ್ತ ಆ ಹೊಸ ಹೆಸರನ್ನು ಎರಡು ಮೂರು ಸಲ ಹೇಳಿ ರೂಢಿ ಮಾಡಿಕೊಂಡಳು. ಕೊನೆಗೆ ಅದಕ್ಕೂ ಒಂದು 'ಅವ್ವ' ಸೇರಿಸಿಯೇ ಕರೆದಳು.